ಗಜಯೂಕಾ ಮೀಮಾಂಸೆ: ಒಂದು ಪ್ರಾಸ್ತಾವಿಕ ಸಂಕಥನ

ಮೃಗಾಲಯದ ಮಹಾಕಾಯರ ಮೈಮೇಲಿನ ಹೇನುಗಳನ್ನು ಗುರುತಿಸುವ, ಬಹುಶಿಸ್ತೀಯ ಆಯಾಮಗಳುಳ್ಳ ಈ ಶಾಸ್ತ್ರವನ್ನು ಪ್ರಾಜ್ಞರು ನಾಲ್ಕು ಪ್ರಸ್ಥಾನಗಳಾಗಿ ವಿಂಗಡಿಸುತ್ತಾರೆ: ಪಾದಸಂಖ್ಯಾ, ಶಿರೋವಿಸ್ತಾರ, ತುಂಡ ಮತ್ತು ಆತಿಥೇಯ.

ಪಾದಸಂಖ್ಯಾ ಪ್ರಸ್ಥಾನದ ಸೈದ್ಧಾಂತಿಕ ಸಾರ ಇಷ್ಟು: ಕಾಲು ಎಣಿಸಬೇಕು. ಆರಿದ್ದರೆ ಹೇನು, ಎಂಟಿದ್ದರೆ ಉಣ್ಣೆ. ಉಣ್ಣೆಯ ಮರಿಗೂ ಆರೇ ಕಾಲು ಎಂಬ ಪೂರ್ವಪಕ್ಷವನ್ನು ಅಡಿಟಿಪ್ಪಣಿಗೆ ತಳ್ಳಲಾಗಿದೆ.

ಶಿರೋವಿಸ್ತಾರದ ಪ್ರಕಾರ, ತಲೆ ಎದೆಗಿಂತ ಕಿರಿದಾಗಿದ್ದರೆ ರಕ್ತ ಹೀರುವ ಪಂಗಡ. ಅಗಲವಾಗಿದ್ದರೆ ಬಹುತೇಕ ಗರಿ, ಚರ್ಮದ ಹೊಟ್ಟು ಕಡಿಯುವ ಪಂಗಡ. ಇದನ್ನು ಸ್ಪಷ್ಟವಾಗಿ ಕಾಣಲು ಹೇನನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿ, ಒಳಗಿನ ಮಾಂಸವನ್ನೆಲ್ಲ ಕರಗಿಸಿ, ಸಿಪ್ಪೆಯನ್ನಷ್ಟೇ ಕೆನಡಾ ಬಾಲ್ಸಮ್ ಅಂಟಿನಲ್ಲಿ ಗಾಜಿನ ಮೇಲೆ ಕೂರಿಸುತ್ತಾರೆ. ವಿಚಾರ ಸಂಕಿರಣಕ್ಕೆ ಬಂದ ಯಾವುದೇ ವಿಷಯಕ್ಕೂ ಇದೇ ಸಂಸ್ಕಾರ.

ತುಂಡ ಪ್ರಸ್ಥಾನದ ಅಧಿದೇವತೆ ಆನೆಹೇನು. ಸುಮಾರು 3 ಮಿ.ಮೀ. ಉದ್ದದ ಈ ಜೀವಿಗೂ ಒಂದು ಸೊಂಡಿಲು. ಅದರ ತುದಿಯಲ್ಲಿ ಹೊರಮುಖವಾಗಿ ತಿರುಗಿದ ದವಡೆಗಳು. ಅವುಗಳಿಂದಲೇ ಆನೆಯ ಚರ್ಮ ಕೊರೆದು ರಕ್ತ ಕುಡಿಯುತ್ತದೆ. 1869ರಲ್ಲಿ ಎಡ್ವರ್ಡ್ ಪಿಯಾಜೆ ಇದನ್ನು ಹೆಮಟೊಮೈಜಸ್ ಎಲಿಫಾಂಟಿಸ್ ಎಂದು ಕರೆದ. ಏಷ್ಯಾದ ಆನೆಗೂ ಆಫ್ರಿಕಾದ ಆನೆಗೂ ಇದೇ ಹೇನು. ಆದರೆ ಇದರ ಕುಲದ ಇನ್ನೆರಡು ಪ್ರಭೇದಗಳು ಸಿಕ್ಕಿದ್ದು ಆಫ್ರಿಕಾದ ಕಾಡುಹಂದಿಗಳ ಮೇಲೆ! ಹೇನಿನ ವಂಶಾವಳಿ ಹಿಡಿದು ಆತಿಥೇಯನ ವಂಶಾವಳಿ ಬರೆಯಹೊರಟ ನಾಲ್ಕನೆಯ ಪ್ರಸ್ಥಾನ ಇಲ್ಲಿ ಮುಗ್ಗರಿಸುವುದರಿಂದ ಅದನ್ನು ಕೈಬಿಡುವುದೇ ಕ್ಷೇಮ.

ಪ್ರಸ್ಥಾನಗಳೆಲ್ಲ ಹಾಳಾಗಲಿ. 1987ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡರ್‌ಗಳು 27. ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದರು. ಸೆರೆಯಲ್ಲಿ ಮೈಗೆ ಕೀಟನಾಶಕ ಹಾಕಿ ಹೇನು ತೆಗೆದರು. 1963ರಲ್ಲಷ್ಟೇ ಹೆಸರು ಪಡೆದಿದ್ದ, ಆ ಹಕ್ಕಿಯ ಮೇಲೆ ಮಾತ್ರ ಕಂಡಿದ್ದ ಕಾಲ್ಪೊಸೆಫಾಲಮ್ ಕ್ಯಾಲಿಫೋರ್ನಿಸಿ ಅಲ್ಲಿಗೆ ಅಳಿಯಿತು. ಹಕ್ಕಿಗಳನ್ನು ಕೊಲ್ಲುತ್ತಿದ್ದದ್ದು ಬೇಟೆಗಾರರ ಗುಂಡಿನ ಸೀಸ, ಮರಣದಂಡನೆಯಾದದ್ದು ಹೇನಿಗೆ. ಕಾಂಡರ್‌ಗಳ ಸಂಖ್ಯೆ ಈಗ 500 ದಾಟಿದೆ. ಹೇನು ಉಳಿದಿರುವುದು ಗಾಜಿನ ಪಟ್ಟಿಗಳಲ್ಲಿ.

ಸರದಿಯಲ್ಲಿ ಇನ್ನೊಂದಿದೆ. ಅಸ್ಸಾಮಿನ ಪಿಗ್ಮಿ ಹಂದಿಯನ್ನೇ ನಂಬಿರುವ, 1978ರಲ್ಲಿ ಹೆಸರು ಪಡೆದ ಹೆಮಟೊಪೈನಸ್ ಒಲಿವೆರಿ ಐಯುಸಿಎನ್ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿನಲ್ಲಿದೆ. ಹಂದಿಯನ್ನು ಉಳಿಸಲು ಹೊರಟವರು ಔಷಧಿಯ ಡಬ್ಬಿ ತೆರೆಯುವ ಮೊದಲು ಭೂತಗನ್ನಡಿ ಹಿಡಿದು ಒಮ್ಮೆ ನೋಡಲಿ. ನಾಲ್ಕು ಹೇನನ್ನಾದರೂ ಹಂದಿಯ ಮೈಮೇಲೆ ಇರಗೊಡಲಿ.