ಗುಮಟಾಪುರದ ತಿಪ್ಪೆಗೂ ಒಂದು ಮುಕ್ತಾಯ ಯೋಜನೆ

ತಾಳವಾಡಿ ಸೀಮೆಯ ಗುಮಟಾಪುರದವರು ದೊಡ್ಡ ಅಪರಾಧ ಮಾಡುತ್ತಿದ್ದಾರೆ. ಬಲಿಪಾಡ್ಯಮಿಯ ಮಾರನೆಯ ದಿನ ಅಲ್ಲಿ ಗೊರೆ ಹಬ್ಬ. ದನ ಕಟ್ಟಿದ ಮನೆಗಳ ಸಗಣಿಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಹತ್ತಿರ ರಾಶಿ ಹಾಕುತ್ತಾರೆ. ಪೂಜೆ ಆಗುತ್ತದೆ. ಆಮೇಲೆ ಹುಡುಗರು, ಗಂಡಸರು ರಾಶಿಯೊಳಗಿಳಿದು ಉಂಡೆ ಕಟ್ಟಿ ಹೊಡೆದಾಡುತ್ತಾರೆ. ಹಬ್ಬ ಮುಗಿದ ಮೇಲೆ ಅದೇ ಸಗಣಿ ಹೊಲಕ್ಕೆ ಗೊಬ್ಬರ. ತ್ಯಾಜ್ಯ ಸಂಗ್ರಹ, ವಿಲೇವಾರಿ, ಭೂಮಿಯ ಪುನಶ್ಚೇತನ ಮೂರೂ ಮುಗಿದೇ ಹೋಯಿತು. ಒಬ್ಬ ಸಲಹೆಗಾರನಿಗೂ ಒಂದು ಪೈಸೆ ಫೀಸು ಸಂದಿಲ್ಲ. ದೇಶ ಮುಂದುವರಿಯುವುದು ಹೀಗೇನು?

ಆದ್ದರಿಂದ ಈ ತಿಪ್ಪೆಯನ್ನು ಕೂಡಲೇ ಕಲ್ಲಿದ್ದಲು ಗಣಿಯ ಕಾನೂನಿನಡಿ ತರಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ. ತಾಳವಾಡಿಯಲ್ಲಿ ಕಲ್ಲಿದ್ದಲಿಲ್ಲ ಎಂಬುದು ನೆಪವಾಗಬಾರದು. ಇದ್ದ ಕಡೆ ಕಾನೂನು ನಡೆಯುತ್ತಿಲ್ಲ, ಇಲ್ಲದ ಕಡೆಯಾದರೂ ನಡೆದು ನೋಡಲಿ.

ಕಾನೂನು ಬಲು ಚೆಂದವಾಗಿದೆ. ಗಣಿ ಅಗೆಯುವ ಮುನ್ನ ಮೇಲ್ಮಣ್ಣನ್ನು ಕೆರೆದು ಬೇರೆ ಇಡಬೇಕು, ಕೊನೆಗೆ ಅದನ್ನೇ ಅಗೆದು ಸುರಿದ ಗುಡ್ಡದ ಮೇಲೆ ಹೊದಿಸಬೇಕು. ಅಗೆದ ಕಲ್ಲುಮಣ್ಣಿನ ರಾಶಿಯ ಇಳಿಜಾರು 37.5 ಡಿಗ್ರಿ ಮೀರಬಾರದು. ರಾಶಿ 30 ಮೀಟರ್ ದಾಟಿದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. (ಗುಮಟಾಪುರದ ದನಗಳೆಲ್ಲ ಹಗಲಿರುಳು ಶ್ರಮಿಸಿದರೂ ಈ ನಿಯಮ ಮುರಿಯಲಾರವು.) ಬುಡದಲ್ಲಿ ಕಲ್ಲಿನ ತಡೆಗೋಡೆ, ಸುತ್ತ ನೀರು ಹರಿಯಲು ಕಾಲುವೆ, ಮೈಮೇಲೆ ಹುಲ್ಲು, ಗಿಡ. ಗಣಿ ಮುಚ್ಚುವ ಖರ್ಚಿಗೆಂದು ಕಂಪನಿ ಮೊದಲೇ ಎಸ್ಕ್ರೋ ಎಂಬ ಮೀಸಲು ಖಾತೆಗೆ ದುಡ್ಡು ಕಟ್ಟಬೇಕು. 2009ರ ಮಾರ್ಗಸೂಚಿಯ ಪ್ರಕಾರ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ ಇತ್ತು. ಇಷ್ಟೂ ‘ಗಣಿ ಮುಕ್ತಾಯ ಯೋಜನೆ’ ಎಂಬ ಒಂದು ದಪ್ಪ ವರದಿಯಾಗುತ್ತದೆ. ವರದಿಯ ನಕ್ಷೆಯಲ್ಲಿ ಮೂವತ್ತು ವರ್ಷದ ನಂತರದ ಗುಡ್ಡಕ್ಕೆ ಹಸಿರು ಬಳಿದಿರುತ್ತಾರೆ. ಬಣ್ಣ ಬಳಿದವನು ಅಷ್ಟರಲ್ಲಿ ನಿವೃತ್ತನಾಗಿರುತ್ತಾನೆ, ಸಹಿ ಹಾಕಿದವನು ಇನ್ನೂ ಮುಂದೆ ಹೋಗಿರುತ್ತಾನೆ.

ಗುಮಟಾಪುರದವರಿಗೆ ಮಾತ್ರ ಈ ಸೌಕರ್ಯವಿಲ್ಲ. ರಾಶಿ ಹಾಕಿದವನ ಮನೆ ರಾಶಿಯ ಪಕ್ಕದಲ್ಲೇ ಇದೆ. ಬಿಟ್ಟರೆ ಅವನ ಮೂಗಿಗೇ ನಾತ, ಹೊತ್ತರೆ ಅವನ ಹೊಲಕ್ಕೇ ಗೊಬ್ಬರ. ಗಣಿಯಲ್ಲಿ ಕಲ್ಲಿದ್ದಲು ಒಬ್ಬರಿಗೆ, ಗುಡ್ಡ ಇನ್ನೊಬ್ಬರಿಗೆ. ಎಸ್ಕ್ರೋ ಖಾತೆ, ಡಿಗ್ರಿ, ಮೀಟರು ಎಲ್ಲ ಹುಟ್ಟಿದ್ದೇ ಈ ಅಂತರ ತುಂಬಲು. ತುಂಬಿದ್ದು ಕಾಗದ.

ಜಾರ್ಖಂಡಿನ ರಾಜಮಹಲ್ ಗಣಿಯಲ್ಲೂ 37.5 ಡಿಗ್ರಿಯ ಕಾನೂನಿತ್ತು. 2016ರ ಡಿಸೆಂಬರ್ 29ರಂದು ಅಲ್ಲಿ ಅಗೆದು ಸುರಿದಿದ್ದ ಮಣ್ಣಿನ ರಾಶಿ ಕುಸಿದು 23 ಕೆಲಸಗಾರರು ಸತ್ತರು. ಡಿಗ್ರಿಯ ವಿಷಯ ರಾಶಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ.

ಇದು ನಮ್ಮ ದೇಶಕ್ಕಷ್ಟೇ ಒಲಿದ ವಿದ್ಯೆ ಎಂದು ಬೀಗಬೇಕಿಲ್ಲ. ಇದರಲ್ಲಿ ಗುರುಗಳು ಬ್ರಿಟಿಷರು. ವೇಲ್ಸ್‌ನ ಅಬರ್‌ಫಾನ್ ಎಂಬ ಊರಿನ ನೆತ್ತಿಯ ಮೇಲೆ ಕಲ್ಲಿದ್ದಲು ಗಣಿಯ ತ್ಯಾಜ್ಯ ಸುರಿಯುತ್ತಿದ್ದರು. ಏಳನೆಯ ರಾಶಿಯನ್ನು ನೀರಿನ ಊಟೆಯ ಮೇಲೇ ಹಾಕಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಕೆಸರಾಗಿ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು. ಗಣಿ ಸರ್ಕಾರಿ ಕಲ್ಲಿದ್ದಲು ಮಂಡಳಿಯದು. ಉಳಿದ ರಾಶಿಗಳನ್ನಾದರೂ ತೆಗೆಯಿರಿ ಎಂದು ಊರವರು ಅಂಗಲಾಚಿದರು. ಖರ್ಚು ಯಾರು ಕೊಡಬೇಕು? ಸತ್ತ ಮಕ್ಕಳ ಮನೆಯವರಿಗೆಂದು ಜಗತ್ತಿನ ಜನ ಕಳಿಸಿದ್ದ ಪರಿಹಾರ ನಿಧಿಯಿಂದಲೇ 1,50,000 ಪೌಂಡ್ ಕೀಳಲಾಯಿತು. ಆ ದುಡ್ಡು ವಾಪಸು ಬಂದಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಎಸ್ಕ್ರೋ ಖಾತೆ ಇರದ ಕಾಲದಲ್ಲೂ ಗುಡ್ಡದ ಕೆಳಗಿನವರಿಂದಲೇ ವಸೂಲಿ ಮಾಡುವ ದಾರಿ ದೊರೆಗಳಿಗೆ ಗೊತ್ತಿತ್ತು.

ನಮ್ಮ ಕೋಲಾರದ ಚಿನ್ನದ ಗಣಿಯೂ ಅದೇ ದೊರೆಗಳ ಕಾಲದ್ದು. ಕಲ್ಲಿದ್ದಲಲ್ಲ ನಿಜ, ಆದರೆ ಗುಡ್ಡ ಗುಡ್ಡವೇ. ಅದಿರನ್ನು ಪುಡಿಮಾಡಿ ಸಯನೈಡಿನಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು, 3.3 ಕೋಟಿ ಟನ್ನು, ಊರ ನಡುವೆ ಗುಡ್ಡಗಳಾಗಿ ನಿಂತಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗುಡ್ಡ ಮುಚ್ಚಲಿಲ್ಲ. ಗಾಳಿ ಎದ್ದರೆ ಧೂಳು ಮನೆ ಹೊಕ್ಕು ತಟ್ಟೆಗೆ ಬೀಳುತ್ತದೆ. ಸಿನಿಮಾದವರು ಬಂದು ಅಲ್ಲಿ ಕ್ಯಾಮೆರಾ ಇಟ್ಟರು. ಗುಡ್ಡದ ಕಷ್ಟಕ್ಕೆ ಸ್ಪಂದಿಸಿದ ಮೊದಲ ಉದ್ಯಮ ಅದೇ ಇರಬೇಕು.

ಕಡೆಗೆ ಸರ್ಕಾರಕ್ಕೂ ಗುಡ್ಡ ಕಂಡಿತು. 1,003 ಎಕರೆಯ 13 ಗುಡ್ಡಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಧೂಳು ತಿಂದ ಜನರ ಮೇಲಿನ ಮಮತೆ ಉಕ್ಕಿತೇ? ಛೆ, ಚಿನ್ನದ ಬೆಲೆ ಉಕ್ಕಿತು. ತೊಳೆದು ಬಿಸಾಡಿದ್ದರಲ್ಲೂ ಚೂರು ಚಿನ್ನ ಉಳಿದಿದೆಯಂತೆ, ಟನ್ನಿಗೆ ಒಂದು ಗ್ರಾಂಗೂ ಕಮ್ಮಿ. ಲೆಕ್ಕ ಸುಲಭ: ಒಂದು ಟನ್ನು ಗುಡ್ಡದಿಂದ ಆ ಚೂರು ತೆಗೆದರೆ ಉಳಿಯುವುದು ಒಂದು ಟನ್ನು ಗುಡ್ಡ. ಅದನ್ನು ಎಲ್ಲಿಗೆ ಸುರಿಯುತ್ತೀರಿ, ಸ್ವಾಮಿ?