ನೀರು ಚೆಲ್ಲಿದಜ್ಜಿ

ಕಾಚಿಗುಡ, ಬರ್ಕತ್‌ಪುರದ ಹಳೆಯ ಕನ್ನಡ ಮನೆಗಳಲ್ಲಿ ಇಂಥ ಅಜ್ಜಿ ಒಬ್ಬರಾದರೂ ಇದ್ದೇ ಇರುತ್ತಾರೆ. ನಿಜಾಮರ ಕಾಲದಲ್ಲಿ ಕಲಬುರಗಿಯಿಂದಲೋ ರಾಯಚೂರಿನಿಂದಲೋ ನೌಕರಿಗೆಂದು ಬಂದು ಹೈದರಾಬಾದಿನಲ್ಲೇ ಬೇರುಬಿಟ್ಟ ಮನೆತನ. ಈಗ ಮಗ ಕೊಂಡಾಪುರದಲ್ಲಿ ಫ್ಲ್ಯಾಟ್ ಕೊಂಡಿರುವುದರಿಂದ ಅಜ್ಜಿಯೂ ಅಲ್ಲಿಗೆ ರವಾನೆಯಾಗಿದ್ದಾರೆ. ಸುಳ್ಳೆಂದರೆ ಮೈಯೆಲ್ಲ ಉರಿ. ತರಕಾರಿಯವನು ತೂಕದಲ್ಲಿ ಚೂರು ಹೆಚ್ಚುಕಮ್ಮಿ ಮಾಡಿದರೂ ದಖನಿ ಉರ್ದುವಿನಲ್ಲಿ ಅವನ ಮೂರು ತಲೆಮಾರಿನ ಲೆಕ್ಕ ಕೇಳುತ್ತಾರೆ. ಮೊಮ್ಮಗನ ಚಡ್ಡಿಯ ವಿಷಯ ಬಂತೋ, ಇದೇ ಅಜ್ಜಿ ರೆಪ್ಪೆ ಬಡಿಯದೆ ಸುಳ್ಳುಸಾಕ್ಷಿ ನುಡಿಯುತ್ತಾರೆ.

ಮೊಮ್ಮಗನಿಗೆ 4 ವರ್ಷ. ಡಯಾಪರ್ ಬಿಟ್ಟು ಬಹಳ ದಿನವಾಯಿತು. "ನಮ್ಮವನು ಫುಲ್ ಟ್ರೇನ್ಡ್" ಎಂದು ಸೊಸೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಯೂ ಆಗಿದೆ. ಆದರೆ ಆಟಕ್ಕೆ ಕೂತರೆ ಹುಡುಗನಿಗೆ ಲೋಕದ ಅರಿವಿಲ್ಲ. ಕಾಲಿಗೆ ಕಾಲು ಹೆಣೆದು, ಕುಣಿದು, "ಬಂದಿಲ್ಲ, ಬಂದಿಲ್ಲ" ಅನ್ನುವಷ್ಟರಲ್ಲೇ ನೆಲ ಒದ್ದೆ. ಸೊಸೆ ಅಡುಗೆಮನೆಯಿಂದ ಬರುವುದರೊಳಗೆ ಅಜ್ಜಿಯ ಲೋಟ ಅದರ ಪಕ್ಕದಲ್ಲೇ ಬೋರಲು ಬಿದ್ದಿರುತ್ತದೆ.

"ನಾನೇ ನೀರು ಚೆಲ್ಲೀನವ್ವ. ಈಗೀಗ ಕೈ ನಡಗತಾವ."

"ಅತ್ತೀ, ಇದು ಬೆಚ್ಚಗದ."

"ನಾ ಕುಡಿಯೋದೇ ಬಿಸಿನೀರು. ಮರತಿ ಏನು?"

ಈ ಅಜ್ಜಿಯ ವಕಾಲತ್ತಿನ ಶಿಖರ ಕಾಣಬೇಕಾದರೆ ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಹೆಸರಾಂತ ಸಂಗೀತ ಗಡಿಯಾರವಿದೆ. ತಾಸಿಗೊಮ್ಮೆ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. 12ಕ್ಕೆ ಹೊಡೆತ ಹೆಚ್ಚೆಂದು ಜನವೂ ಹೆಚ್ಚು. ಹುಡುಗ ಅಜ್ಜಿಯ ತೊಡೆಯ ಮೇಲೆ ಕೂತಿದ್ದ. ಮೂರನೇ ಹೊಡೆತಕ್ಕೆ ಕಣ್ಣರಳಿತು, ಏಳಕ್ಕೆ ಬಾಯಿ ತೆರೆಯಿತು, ಹನ್ನೆರಡಕ್ಕೆ ಅಜ್ಜಿಯ ಇಳಕಲ್ ಸೀರೆ ನೆನೆಯಿತು. ನೀರಿನ ಬಾಟ್ಲಿಯ ಮುಚ್ಚಳ ಸಡಿಲವೆಂದು ಅಜ್ಜಿ ಅಕ್ಕಪಕ್ಕದವರಿಗೆ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಸಾರಿದರು. ಬಾಟ್ಲಿ ಮಾತ್ರ ಚೀಲದೊಂದಿಗೆ ಕೆಳಗಿನ ಕೌಂಟರಿನಲ್ಲಿ ಭದ್ರವಾಗಿತ್ತು.

ಸೊಸೆಯ ಮೇಲೂ ನನಗೆ ಕನಿಕರವಿದೆ. ಸ್ಕೂಲಿನಿಂದ ದಿನವೂ ಪಾಲಿಥೀನ್ ಚೀಲದಲ್ಲಿ ಗಂಟು ಹಾಕಿದ ಚಡ್ಡಿ ವಾಪಸು ಬಂದರೆ ಯಾವ ತಾಯಿ ತಾನೇ ಸುಮ್ಮನಿರುತ್ತಾಳೆ? ಕೊನೆಗೆ ಮಕ್ಕಳ ಡಾಕ್ಟರಲ್ಲಿಗೆ ಕರೆದೊಯ್ದರು. ಅಜ್ಜಿಯನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

"ದಿನಕ್ಕೆ ಎಷ್ಟು ಸಲ ಹೀಗಾಗುತ್ತೆ?"

"ಒಮ್ಮೀನೂ ಇಲ್ರಿ."

ಡಾಕ್ಟರು ಸೋಂಕಿದೆಯೇ ನೋಡಲು ಮೂತ್ರ ಪರೀಕ್ಷೆಗೆ ಬರೆದರು. ಹೊಸ ಸ್ಕೂಲು, ಮನೆಗೆ ಬಂದ ತಂಗಿ, ಆಟದ ಗುಂಗು, ಯಾವುದರಿಂದಲೂ ಹೀಗಾಗಬಹುದು ಎಂದರು. 5 ತುಂಬಿದ ಮಕ್ಕಳಲ್ಲೂ ನೂರಕ್ಕೆ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆಂದಾಗ ಅಜ್ಜಿ ಸೊಸೆಯ ಕಡೆ ಗೆದ್ದ ನೋಟ ಬೀರಿದರು. ಅಷ್ಟರಲ್ಲಿ ಡಾಕ್ಟರು ಕೇಳಿದರು:

"ಎರಡಕ್ಕೆ ದಿನಾ ಹೋಗ್ತಾನಾ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಹೊಟ್ಟೆ ಕಟ್ಟಿ ಮಲ ತುಂಬಿಕೊಂಡರೆ ಮೂತ್ರಕೋಶ ಒತ್ತಿಹೋಗಿ ಉಚ್ಚೆ ತಡೆಯಲಾಗದು, ಏನು ತಿನ್ನಿಸುತ್ತೀರಿ ಎಂದು ಮುಂದಿನ ಪ್ರಶ್ನೆ. ಅಜ್ಜಿ ಸೊಪ್ಪು, ಬೇಳೆ ಎಂದು ಶುರುಮಾಡಿದ್ದರು. ಕಕ್ಷಿದಾರನೇ ಬಾಯಿ ಹಾಕಿದ:

"ಅಜ್ಜಿ ಉಸ್ಮಾನಿಯಾ ಬಿಸ್ಕೀಟ್ ಕೊಡ್ತಾಳ. ಪಲ್ಯಾ ಅಕಿನೇ ತಿಂತಾಳ. ಮಮ್ಮಿಗಿ ಹೇಳಬ್ಯಾಡ ಅಂದಾಳ."

ವಕೀಲರು ಆರೋಪಿಯಾದದ್ದು ಹೀಗೆ. ಹಣ್ಣು, ತರಕಾರಿ, ನೀರು ಕೊಡಿ. ಎರಡು ಮೂರು ತಾಸಿಗೊಮ್ಮೆ ಬಚ್ಚಲಿಗೆ ಕಳಿಸಿ. ಒದ್ದೆಯಾದರೆ ಸುಮ್ಮನೆ ಬಟ್ಟೆ ಬದಲಿಸಿ, ಬೈಯಬೇಡಿ ಎಂದು ತೀರ್ಪಾಯಿತು. ಆಟೋ ಹತ್ತುವಾಗ ಅಜ್ಜಿಗೆ ದನಿ ಮರಳಿತ್ತು:

"ಬೈಬ್ಯಾಡ್ರಿ ಅಂತ ನಾ ಫುಕಟ್ ಹೇಳತಿದ್ದೆ. ಈಗ ಐನೂರು ರೂಪಾಯಿ ಕೊಟ್ಟು ಕೇಳಿ ಬಂದ್ರಿ."