ಪರೀಕ್ಷಾಪತ್ರ ಮಹಾಶಯರೊಡನೆ ಒಂದು ಭೇಟಿ

1964ನೆಯ ಇಸವಿಯ ಅಕ್ಟೋಬರ್ ಮಾಸದಲ್ಲಿ, ಜಾನ್ಸನ್ನರಿಗೂ ಗೋಲ್ಡ್‌ವಾಟರರಿಗೂ ಅಮೆರಿಕದ ಅಧ್ಯಕ್ಷಪದವಿಗಾಗಿ ನಡೆದಿದ್ದ ಸ್ಪರ್ಧೆ ಕಾವೇರಿದ್ದ ಸಮಯದಲ್ಲಿ, ಮಿಸ್ಸಿಸ್ಸಿಪ್ಪಿ ಸಂಸ್ಥಾನದ ಒಂದು ಕಚೇರಿಯ ಮೇಜಿನ ಮೇಲೆ ಪವಡಿಸಿದ್ದ ಮತದಾರರ ನೋಂದಣಿಯ ಅರ್ಜಿಪತ್ರವನ್ನು ನಾನು ಕಲ್ಪನೆಯಲ್ಲಿ ಸಂದರ್ಶಿಸಿದೆನು. 21 ಪ್ರಶ್ನೆಗಳನ್ನು ಮೈಮೇಲೆ ಧರಿಸಿದ್ದ ಆ ಮಹಾಶಯರು, ಅನ್ಯರನ್ನು ಪ್ರಶ್ನಿಸಿಯೇ ರೂಢಿಯಾದುದರಿಂದಲೋ ಏನೋ, ಉತ್ತರಿಸುವ ಸರದಿ ತಮಗೆ ಬಂದಾಗ ಮೊದಮೊದಲು ತುಸು ಬಿಗುಮಾನ ತೋರಿದರು.

ನಾನು: ತಮ್ಮ ಮನೆತನದ ವಿಚಾರ ಎರಡು ಮಾತು ತಿಳಿಸಬಹುದೆ?

ಪತ್ರ: ಧಾರಾಳವಾಗಿ. ವರ್ಣದ ಕಾರಣದಿಂದ ಯಾರ ಮತಾಧಿಕಾರವನ್ನೂ ಕಸಿಯಕೂಡದೆಂದು ಒಕ್ಕೂಟದ ಸಂವಿಧಾನಕ್ಕೆ 1870ರಲ್ಲಿ ತಿದ್ದುಪಡಿಯಾಗಿಬಿಟ್ಟಿದ್ದುದರಿಂದ, ವರ್ಣವೆಂಬ ಪದವನ್ನು ನಾಲಗೆಯ ಮೇಲೆ ತಾರದೆಯೇ ಅದರ ಕಾರ್ಯವನ್ನು ಸಾಧಿಸುವ ಉಪಾಯವೊಂದನ್ನು ನಮ್ಮ ಹಿರಿಯರು 1890ರಲ್ಲಿ ಕಂಡುಹಿಡಿದರು. ಮತ ಬೇಡುವವನು ಸಂಸ್ಥಾನದ ಸಂವಿಧಾನದ ಯಾವ ವಿಧಿಯನ್ನಾದರೂ ಓದಬೇಕು, ಇಲ್ಲವೆ ಓದಿಹೇಳಿದಾಗ ಅರ್ಥಮಾಡಿಕೊಳ್ಳಬೇಕು ಎಂದರು. ಆ ಸಂವಿಧಾನವನ್ನು ಜನರ ಮತಕ್ಕೆ ಒಡ್ಡಲಿಲ್ಲವೆಂಬುದು ನಿಜ. ಅಷ್ಟು ಪವಿತ್ರವಾದುದನ್ನು ಮತದಾರರ ಕೈಗೆ ಕೊಡುವುದುಂಟೆ? ಮುಂದೆ 1954ರಲ್ಲಿ, ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪಿತ್ತ ವರ್ಷವೇ, ಓದಿದರೆ ಸಾಲದು, ಬರೆಯಬೇಕು, ವ್ಯಾಖ್ಯಾನಿಸಬೇಕು, ಪೌರಕರ್ತವ್ಯವನ್ನು ಕುರಿತು ಪ್ರಬಂಧವನ್ನೂ ರಚಿಸಬೇಕೆಂದು ನಿಯಮ ಬಿಗಿಯಾಯಿತು. ನಾನು ಆ ನಿಯಮದ ಸಂತಾನ.

ನಾನು: ಎಲ್ಲರಿಗೂ ಪರೀಕ್ಷೆ ಒಂದೇ ತಾನೆ?

ಪತ್ರ: ಕಾಗದ ಒಂದೇ. ಸಂವಿಧಾನದಲ್ಲಿ 285 ವಿಧಿಗಳಿದ್ದು, ಯಾರಿಗೆ ಯಾವುದೆಂಬುದು ಮಾತ್ರ ನೋಂದಣಾಧಿಕಾರಿಯ ಚಿತ್ತ. ಬಿಳಿಯನಿಗೆ, ಸಾಲಕ್ಕಾಗಿ ಯಾರನ್ನೂ ಸೆರೆಯಲ್ಲಿಡಕೂಡದೆಂಬ ಒಂದೇ ಸಾಲಿನ ವಿಧಿ ದೊರೆಯುವುದುಂಟು. ಕರಿಯ ಉಪಾಧ್ಯಾಯನಿಗೆ, ಕಂಪನಿಗಳ ತೆರಿಗೆಯನ್ನು ಕುರಿತು ವಕೀಲರೇ ತಡವರಿಸುವ ಉದ್ದನೆಯ ವಿಧಿ. ವ್ಯಾಖ್ಯಾನ ಸರಿಯೋ ತಪ್ಪೋ ಎಂದು ನಿರ್ಣಯಿಸುವವರೂ ಆ ಅಧಿಕಾರಿಗಳೇ. ಕಾರಣ ಹೇಳುವ ಪದ್ಧತಿಯಿಲ್ಲ.

ನಾನು: ಫ್ಯಾನಿ ಲೂ ಹೇಮರ್ ಎಂಬಾಕೆ ತಮಗೆ ನೆನಪಿರಬೇಕು.

ಪತ್ರ: (ಮಡಿಕೆಗಳು ತುಸು ಬಿಗಿದವು.) 1962ರ ಆಗಸ್ಟ್ 31ರಂದು ಇಂಡಿಯನೋಲಾಕ್ಕೆ ಬಂದಳು, ಡಿ ಫ್ಯಾಕ್ಟೋ ಕಾನೂನುಗಳನ್ನು ವಿವರಿಸೆಂದರೆ ಆಗಲಿಲ್ಲ. ಹದಿನೆಂಟು ವರ್ಷ ದುಡಿದ ಹತ್ತಿಯ ತೋಟದಿಂದ ಆಕೆಯನ್ನು ಅಂದೇ ಹೊರಹಾಕಿದ್ದು ತೋಟದ ಯಜಮಾನ, ನಾನಲ್ಲ. ಅರ್ಜಿದಾರರ ಹೆಸರು ವಿಳಾಸಗಳನ್ನು ಎರಡು ವಾರ ಪತ್ರಿಕೆಯಲ್ಲಿ ಅಚ್ಚುಮಾಡಿಸಬೇಕೆಂದು ಶಾಸನವಿದೆ. ಅದನ್ನು ಯಜಮಾನರು ಓದಿದರೆ ಓದುಗರ ಅಭಿರುಚಿಗೆ ನಾನು ಹೊಣೆಯೆ? ಆಕೆ ಮತ್ತೆ ಮತ್ತೆ ಬಂದು ತೇರ್ಗಡೆಯಾದಳೆಂಬುದೇ ನನ್ನ ಸೇವಾವಧಿಯ ಕಳಂಕ. ಈ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಆಕೆ ತನ್ನ ಕಥೆ ಹೇಳುತ್ತಿದ್ದಂತೆಯೇ ಜಾನ್ಸನ್ನರು ತರಾತುರಿಯಿಂದ ಪತ್ರಿಕಾಗೋಷ್ಠಿ ಕರೆದು ಟೆಲಿವಿಷನ್ನನ್ನು ತಮ್ಮತ್ತ ತಿರುಗಿಸಿಕೊಂಡರು. ಅವರ ಬಗೆಗೆ ನನಗೆ ಕಿಂಚಿತ್ ಗೌರವ ಹುಟ್ಟಿದ್ದು ಆ ದಿನ.

ನಾನು: ಮತದಾರರನ್ನು ನೋಂದಾಯಿಸಲೆಂದು ದುಡಿದ ಮೂವರು ತರುಣರ ಶವಗಳು ಅದೇ ತಿಂಗಳು ಮಣ್ಣಿನ ಕಟ್ಟೆಯೊಂದರಡಿ ದೊರೆತುವಲ್ಲವೆ?

ಪತ್ರ: ಅದು ಅನ್ಯ ಇಲಾಖೆಯ ಕೆಲಸ. ನಮ್ಮಲ್ಲಿ ಶಾಯಿ ಮಾತ್ರ. ಇಷ್ಟು ಬೇಸಗೆಯ ಗದ್ದಲದ ಅನಂತರವೂ ವಯಸ್ಕ ಕರಿಯರಲ್ಲಿ ನೂರಕ್ಕೆ ಏಳರಷ್ಟು ಹೆಸರೂ ಪಟ್ಟಿಯಲ್ಲಿಲ್ಲ. ಶಾಯಿಯ ಸಾಮರ್ಥ್ಯವನ್ನು ತಾವೇ ನೋಡಿರಿ.

ನಾನು: ನಮ್ಮ ದೇಶದ 1951-52ರ ಮಹಾಚುನಾವಣೆಯಲ್ಲಿ, ಅಕ್ಷರವರಿಯದ ಕೋಟ್ಯಂತರ ಸ್ತ್ರೀಪುರುಷರು ಪೆಟ್ಟಿಗೆಯ ಮೇಲಣ ಜೋಡೆತ್ತನ್ನೋ ಗುಡಿಸಲನ್ನೋ ಗುರುತಿಸಿ ಮತವಿತ್ತರು.

ಪತ್ರ: ವ್ಯಾಖ್ಯಾನವಿಲ್ಲದೆ? ಪ್ರಬಂಧವಿಲ್ಲದೆ? (ಬಹಳ ಹೊತ್ತು ಮೌನ.) ಆದರೆ ಒಬ್ಬನನ್ನು ಬಾವಿಯ ಬಳಿಗೆ ಬಿಡಬೇಕೋ ಬಾರದೋ ಎಂಬುದಕ್ಕೆ ತಮ್ಮ ಹಳ್ಳಿಗಳಲ್ಲಿ ಅರ್ಜಿಯೇ ಬೇಡವಂತಲ್ಲ, ಹೆಸರು ಕೇಳಿದರೆ ಸಾಕಂತೆ. ಇಷ್ಟು ಮಿತವ್ಯಯ ನಮಗೆ ಸಾಧ್ಯವಾಗಲಿಲ್ಲ.

ಇದಕ್ಕೆ ತಕ್ಕ ಉತ್ತರ ನನಗೆ ಹೊಳೆಯದ ಕಾರಣ, ಪತ್ರಮಹಾಶಯರ ಮೈಮೇಲೆಯೇ ಇದ್ದ ಪ್ರಶ್ನೆಯನ್ನು ಅವರಿಗೆ ಒಪ್ಪಿಸಿ, ಸಂವಿಧಾನಾನುಸಾರಿಯಾದ ಪ್ರಭುತ್ವದಲ್ಲಿ ಪೌರನ ಕರ್ತವ್ಯಗಳಾವುವು ಎಂದು ಕೇಳಿದೆನು.

ಪತ್ರ: ಅದಕ್ಕೆ ಉತ್ತರ ಬರೆಯಲು ನನ್ನಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆಯೇ ಹೊರತು ಉತ್ತರವನ್ನು ಅಚ್ಚು ಮಾಡಿಲ್ಲ. ತಾವು ಇಲ್ಲಿಯ ಪ್ರಜೆಯಲ್ಲದುದು ಒಳ್ಳೆಯದೇ ಆಯಿತು. ಆಗಿದ್ದರೆ, ತಮ್ಮ ಈ ಗೋಧಿಬಣ್ಣಕ್ಕೆ ಎಷ್ಟನೆಯ ವಿಧಿಯನ್ನು ಕೊಡಬೇಕೆಂದು ಯೋಚಿಸಲು ನಮ್ಮ ಅಧಿಕಾರಿಗಳಿಗೆ ಅರ್ಧ ದಿನ ಹಿಡಿಯುತ್ತಿತ್ತು.